ಗೋಗಿಯ ಯುರೇನಿಯಂ ಇರುವುದು ಬಿರುಕಿನಲ್ಲಿ

ಯುರೇನಿಯಂ ಅದಿರು ಸಿಕ್ಕಿರುವ ಯಾದಗಿರಿ ಜಿಲ್ಲೆಯ ಗೋಗಿಯ ಹೆಸರು ಸುದ್ದಿಗೆ ಬಂದಾಗಲೆಲ್ಲ ನನಗೆ ಫೋನ್ ಬರುತ್ತದೆ. 'ಸರ್, ಮನೆಗೆ ಶಹಾಬಾದಿ ಪರ್ಸಿ ಹಾಸಿದ್ದೀವಿ, ಅದರಲ್ಲೂ ಯುರೇನಿಯಂ ಇರುತ್ತಾ?' ಇನ್ನು ಕೆಲವರದು, 'ನಮ್ಮ ಹೊಲದಲ್ಲೂ ಅದೇ ಕಲ್ಲು, ಅದಿರು ಸಿಗುತ್ತಾ?' ಕಲ್ಲು ಒಂದೇ ಆದರೆ ಅದಿರೂ ಇರಲೇಬೇಕು ಅಂತ ಇಬ್ಬರೂ ನಂಬಿದ್ದಾರೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ.

ಪರ್ಸಿ ಚಪ್ಪಡಿಗಳು ಏಳುವ ಭೀಮಾ ತೀರದ ಸುಣ್ಣಕಲ್ಲು ಹಳೆಯ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಅದರ ಅಡಿಗೆ ಗ್ರಾನೈಟ್ ಇದೆ. ಬಹುತೇಕ ಕಡೆ ಪದರಗಳು ಮಟ್ಟಸವಾಗಿವೆ. ಆದರೆ ಕುರ್ಲಗೇರಿಯಿಂದ ಗೋಗಿಯತ್ತ ಒಂದು ದೊಡ್ಡ ಫಾಲ್ಟ್ ಹಾದುಹೋಗುತ್ತದೆ. ಅಲ್ಲಿ ನೆಲ ಸೀಳಿ, ಒಂದು ಬದಿಯ ಕಲ್ಲು ಇನ್ನೊಂದು ಬದಿಗಿಂತ ಮೇಲೆ ಸರಿದಿದೆ. ಹತ್ತಿರದ ಪದರಗಳು ಕಡಿದಾಗಿ ವಾಲಿ, ಪುಡಿಪುಡಿಯಾಗಿವೆ.

ಯುರೇನಿಯಂಗೆ ಬೇಕಾದದ್ದು ಈ ಪುಡಿಯಾದ ಜಾಗ. ಆಮ್ಲಜನಕವಿರುವ ನೀರಿನಲ್ಲಿ ಅದು ಸುಲಭವಾಗಿ ಕರಗುತ್ತದೆ, ಒಡಕಿನಲ್ಲಿ ಹರಿಯುತ್ತದೆ. ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ), ಇಂಗಾಲದಂಥ ವಸ್ತು ಸಿಕ್ಕಲ್ಲಿ ಆಮ್ಲಜನಕ ಖಾಲಿಯಾಗುತ್ತದೆ. ಆಗ ಕರಗಿದ್ದ ಯುರೇನಿಯಂ ಅಲ್ಲೇ ಕೂರುತ್ತದೆ. ಗೋಗಿಯಲ್ಲಿ ಕೊರೆದು ತೆಗೆದ ಅದಿರಿನ ಕೋರ್ (ಉದ್ದನೆಯ ಕಲ್ಲಿನ ತುಂಡು) ನೋಡಿದರೆ ಚೂರುಚೂರಾದ ಕಲ್ಲು, ನಡುವೆ ಬಿಳಿ ಕ್ಯಾಲ್ಸೈಟ್ ಎಳೆ, ಪೈರೈಟ್‌ನ ಹಳದಿ ಮಿಣುಕು ಕಾಣುತ್ತದೆ. ಅದಿರು ಸುಣ್ಣಕಲ್ಲಿನಲ್ಲಷ್ಟೇ ಅಲ್ಲ, ಕೆಳಗಿನ ಗ್ರಾನೈಟ್‌ನಲ್ಲೂ ಇದೆ. ಕಲ್ಲಿನ ಜಾತಿಯೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಶಹಾಪುರದ ಕಡೆ ಕಲ್ಲು ಒಡೆಯುವ ಹಿರಿಯರೊಬ್ಬರು ಹೊಲದ ಬದುವಿನಲ್ಲಿ ನಿಂತು ಕೈತೋರಿಸಿದ್ದರು: 'ಇಲ್ಲಿಂದ ಆಚಿಗಿ ಪರ್ಸಿ ಏಳಂಗಿಲ್ರೀ ಸಾಹೇಬ್ರ, ಬರೀ ಚೂರ ಬರ್ತಾವ.' ನಮ್ಮ ಭೂವಿಜ್ಞಾನ ನಕ್ಷೆಯ ಫಾಲ್ಟ್ ಗೆರೆಯೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಅಂಥವರ ಜೊತೆ ಅರ್ಧ ದಿನ ಓಡಾಡಿದರೆ ಎಷ್ಟೋ ಕೆಲಸ ಹಗುರಾಗುತ್ತದೆ. ಅವರ ಮಾತಿನಲ್ಲೇ ನಿಮ್ಮ ಪ್ರಶ್ನೆಗೂ ಉತ್ತರವಿದೆ. ಪರ್ಸಿ ಅಗಲವಾಗಿ, ಸಪಾಟಾಗಿ ಎದ್ದಿದೆ ಎಂದರೆ ಅದು ಒಡೆಯದ ನೆಲದ ಕಲ್ಲು. ಅಳೆಯದೆ ಯಾವ ಕಲ್ಲಿನ ಬಗ್ಗೆಯೂ ಖಾತ್ರಿ ಕೊಡಲಾರೆ. ಆದರೆ ಸುಮ್ನೆ ನೆಲ ಕೀಳಿಸಬೇಡಿ.

ಗೋಗಿಯ ಲೆಕ್ಕವನ್ನು ಎಲ್ಲ ಕಡೆ ಹಾಕಲೂಬಾರದು. ಆಂಧ್ರದ ಕಡಪದ ತುಮ್ಮಲಪಲ್ಲೆಯಲ್ಲಿ ಅದಿರು ಸುಣ್ಣಕಲ್ಲಿನ ಹತ್ತಿರದ ಜಾತಿಯಾದ ಡೋಲೋಸ್ಟೋನ್ ಪದರದ ಜೊತೆಗೇ ಕಿಲೋಮೀಟರ್‌ಗಟ್ಟಲೆ ಸಾಗುತ್ತದೆ. ಮೇಘಾಲಯದ ಡೊಮಿಯಾಸಿಯಾಟ್‌ನಲ್ಲಿ ಅದಿರು ಇರುವುದು ಹಳೆಯ ನದಿಗಳು ತಂದು ಹಾಕಿದ ಮರಳುಗಲ್ಲಿನಲ್ಲಿ. ಅಲ್ಲಿ ತಳದ ಬಂಡೆಯ ತಗ್ಗುಗಳಲ್ಲಿ ಮರಳು ದಪ್ಪವಾಗಿ ತುಂಬಿದೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಆ ತಗ್ಗುಗಳನ್ನು.

ಬೋರ್‌ವೆಲ್ ನೀರಿನ ಪ್ರಶ್ನೆ ಬೇರೆ. ಗ್ರಾನೈಟ್ ಸೀಮೆಯಲ್ಲಿ ಅದಿರು ಇಲ್ಲದಿದ್ದರೂ ನೀರಿನಲ್ಲಿ ಯುರೇನಿಯಂ ಜಾಸ್ತಿ ಇರಬಹುದು. ಅನುಮಾನವಿದ್ದರೆ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.