ಆಸ್ಟ್ರೇಲಿಯಾ ಬಂದಾಗ ತಿರುಗುವ ಪಿಚ್ ಕೊಟ್ಟರೆ ಸಾಕಲ್ಲವೇ?

ಓದುಗರ ಪ್ರಶ್ನೆ: 2027ರ ಆರಂಭದಲ್ಲಿ ಆಸ್ಟ್ರೇಲಿಯಾ ತಂಡ ಐದು ಟೆಸ್ಟ್ ಆಡಲು ಭಾರತಕ್ಕೆ ಬರಲಿದೆ. ಮೊದಲ ದಿನವೇ ಚೆಂಡು ತಿರುಗುವಂಥ ಪಿಚ್ ಹಾಕಿಬಿಟ್ಟರೆ ಮೂರು ದಿನದಲ್ಲಿ ಪಂದ್ಯ ನಮ್ಮದು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ?

ಉತ್ತರ: ತಲೆ ಕೆಡಿಸಿಕೊಳ್ಳಲೇಬೇಕು. ಏಕೆಂದರೆ ಈಚೆಗೆ ಅಂಥ ಪಿಚ್‌ಗಳಲ್ಲಿ ಮೂರು ದಿನದಲ್ಲಿ ಮುಗಿದ ಪಂದ್ಯಗಳನ್ನು ಗೆದ್ದವರು ನಾವಲ್ಲ.

ಪ್ರಶ್ನೆ ಕೇಳಿದವರ ತಪ್ಪೇನೂ ಇಲ್ಲ. 2013ರಿಂದ 2024ರ ಅಕ್ಟೋಬರ್ ಆರಂಭದವರೆಗೆ ಭಾರತ ತವರಿನಲ್ಲಿ ಸತತ 18 ಟೆಸ್ಟ್ ಸರಣಿ ಗೆದ್ದಿತ್ತು. ಹನ್ನೊಂದು ವರ್ಷ ಅದನ್ನೇ ನೋಡಿ ಬೆಳೆದವರಿಗೆ ‘ಸ್ಪಿನ್ ಪಿಚ್ ಎಂದರೆ ನಮ್ಮ ಗೆಲುವು’ ಎನ್ನುವುದು ಗುಣಾಕಾರದ ಮಗ್ಗಿಯಷ್ಟೇ ಖಚಿತ. ಆಮೇಲೆ ನ್ಯೂಜಿಲೆಂಡ್ ಬಂದು 3–0ಯಿಂದ ಗೆದ್ದಿತು. ಮರುವರ್ಷ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಬಂದು 2–0ಯಿಂದ ಗೆದ್ದಿತು. ನಡುವೆ ವೆಸ್ಟ್ ಇಂಡೀಸ್ ವಿರುದ್ಧ 2–0 ಗೆಲುವು ಸಿಕ್ಕಿತಾದರೂ ಅದು ಯಾರಿಗೂ ನೆನಪಿಲ್ಲ. ನೆನಪಿಡಬೇಕಿತ್ತು, ಅದರಲ್ಲೊಂದು ಪಾಠವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 2012ರ ಮುಂಬೈ. ಅಹಮದಾಬಾದ್‌ನಲ್ಲಿ ಇಂಗ್ಲೆಂಡನ್ನು ಸುಲಭವಾಗಿ ಸೋಲಿಸಿದ ಮೇಲೆ ನಾಯಕ ಧೋನಿ ಇನ್ನೂ ಬೇಗ ತಿರುಗುವ ಪಿಚ್ ಬೇಕೆಂದು ಬಹಿರಂಗವಾಗಿಯೇ ಹೇಳಿದ್ದರು. ವಾಂಖೆಡೆಯಲ್ಲಿ ಕೇಳಿದ್ದು ಸಿಕ್ಕಿತು. ಅಶ್ವಿನ್, ಓಜಾ, ಹರಭಜನ್ ಮೂವರೂ ಕಣಕ್ಕಿಳಿದರು. ಆದರೆ ಪಂದ್ಯದಲ್ಲಿ ಭಾರತದ 20 ವಿಕೆಟ್‌ಗಳ ಪೈಕಿ 19 ಹೋದದ್ದು ಮಾಂಟಿ ಪನೇಸರ್ ಮತ್ತು ಗ್ರೇಮ್ ಸ್ವಾನ್ ಕೈಗೆ. ಕೆವಿನ್ ಪೀಟರ್ಸನ್ 186 ಹೊಡೆದರು, ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು, ಕೊನೆಗೆ ಸರಣಿಯೂ 2–1ರಿಂದ ಅವರದಾಯಿತು. ನಾವು ತೋಡಿದ ಗುಂಡಿಗೆ ನಾವೇ ಬೀಳುವುದು ಅಂದೇ ಶುರುವಾಗಿತ್ತು. ನಡುವಿನ 18 ಸರಣಿಗಳು ಅದನ್ನು ಮರೆಸಿಬಿಟ್ಟವು.

ಇದು ಹೀಗೇಕೆ ಆಗುತ್ತದೆ? ಸಾಧಾರಣ ಪಿಚ್‌ನಲ್ಲಿ ವಿಕೆಟ್ ಪಡೆಯಲು ಸ್ಪಿನ್ನರ್ ತನ್ನ ಕಸುಬನ್ನೆಲ್ಲ ಸುರಿಯಬೇಕು. ಗಾಳಿಯಲ್ಲಿ ಚೆಂಡನ್ನು ತೇಲಿಸಬೇಕು, ವೇಗ ಬದಲಿಸಬೇಕು, ಬ್ಯಾಟರ್‌ನನ್ನು ಮುಂದೆ ಎಳೆದು ಏಮಾರಿಸಬೇಕು. ಹತ್ತು ಓವರ್ ಒಂದೇ ಜಾಗಕ್ಕೆ ಹಾಕಿ ಹನ್ನೊಂದನೆಯದರಲ್ಲಿ ಗಾಳ ಎಸೆಯುವ ತಾಳ್ಮೆ ಬೇಕು. ಅಶ್ವಿನ್‌ಗೂ ಸರಾಸರಿ ಪ್ರವಾಸಿ ಆಫ್ ಸ್ಪಿನ್ನರ್‌ಗೂ ಇರುವ ಅಂತರ ಕಾಣುವುದು ಅಲ್ಲಿ. ಪಿಚ್ ಮೊದಲ ದಿನವೇ ಪುಡಿಯಾಗುವಂತಿದ್ದರೆ ಆ ಕೆಲಸವನ್ನೆಲ್ಲ ಮಣ್ಣೇ ಮಾಡಿಕೊಡುತ್ತದೆ. ಒಂದು ಚೆಂಡು ಗೇಣುದ್ದ ತಿರುಗುತ್ತದೆ, ಅದೇ ಜಾಗಕ್ಕೆ ಬಿದ್ದ ಮುಂದಿನದು ನೆಟ್ಟಗೆ ಹೋಗುತ್ತದೆ. ಯಾವುದು ತಿರುಗುತ್ತದೆ ಎಂದು ಬ್ಯಾಟರ್‌ಗಿರಲಿ, ಹಾಕಿದವನಿಗೂ ಗೊತ್ತಿರುವುದಿಲ್ಲ. ಅಲ್ಲಿ ಬೇಕಾದ್ದು ಇಷ್ಟೇ: ತುಸು ವೇಗವಾಗಿ, ಸ್ಟಂಪ್ ನೇರಕ್ಕೆ ಹಾಕುತ್ತಾ ಇರುವುದು. ಅಷ್ಟನ್ನು ಎರಡನೇ ದರ್ಜೆಯ ಸ್ಪಿನ್ನರ್ ಕೂಡ ಮಾಡಬಲ್ಲ.

ಎರಡನೇ ದರ್ಜೆ ಯಾಕೆ, ಬಿಡುವಿದ್ದಾಗ ಬೌಲ್ ಮಾಡುವವರೂ ಮಾಡಿದ್ದಾರೆ. 2004ರ ಮುಂಬೈ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕ್ಲಾರ್ಕ್ 6.2 ಓವರ್‌ಗಳಲ್ಲಿ 9 ರನ್ ಕೊಟ್ಟು 6 ವಿಕೆಟ್ ಪಡೆದರು. 2021ರ ಅಹಮದಾಬಾದ್ ಹಗಲು–ರಾತ್ರಿ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಜೋ ರೂಟ್, ಅವರೂ 6.2 ಓವರ್‌ಗಳಲ್ಲೇ, 8 ರನ್‌ಗೆ 5 ವಿಕೆಟ್ ಕಿತ್ತರು. ಆ ಎರಡೂ ಪಂದ್ಯಗಳನ್ನು ಭಾರತವೇ ಗೆದ್ದಿತು, ನಿಜ. 2004ರಲ್ಲಿ ಗೆಲುವಿನ ಅಂತರ 13 ರನ್. ಕ್ಲಾರ್ಕ್‌ಗೆ ಆರು ವಿಕೆಟ್ ಕೊಡುವ ನೆಲ ಯಾರನ್ನೂ ಕೈಹಿಡಿಯಬಹುದು.

ಆಸ್ಟ್ರೇಲಿಯಾದ ಸ್ಟೀವ್ ಓಕೀಫ್ 2017ರಲ್ಲಿ ಪುಣೆಯಲ್ಲಿ 70 ರನ್‌ಗೆ 12 ವಿಕೆಟ್ ತೆಗೆದದ್ದೂ ಅಂಥ ನೆಲದಲ್ಲೇ. ನ್ಯೂಜಿಲೆಂಡಿನ ಮಿಚೆಲ್ ಸ್ಯಾಂಟ್ನರ್ ಕಥೆ ಸ್ವಲ್ಪ ಬೇರೆ. 2024ರಲ್ಲಿ ಅದೇ ಪುಣೆಗೆ ಬರುವವರೆಗೆ ಅವರು ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಐದು ವಿಕೆಟ್ ಪಡೆದೇ ಇರಲಿಲ್ಲ. ಅಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಏಳು, ಎರಡನೆಯದರಲ್ಲಿ ಆರು. ಅವರು ತಿರುವಿಗಿಂತ ವೇಗದ ಏರಿಳಿತವನ್ನು ನಂಬಿ ಬೌಲ್ ಮಾಡಿದರು. ವಿರಾಟ್ ಕೊಹ್ಲಿ ಫುಲ್ ಟಾಸ್‌ಗೆ ಬೌಲ್ಡ್ ಆದದ್ದನ್ನು ನೋಡಿದವರಿಗೆ ಆ ಇಡೀ ಸರಣಿ ಅರ್ಥವಾಗುತ್ತದೆ. ಚೆಂಡು ನೆಲಕ್ಕೆ ಬೀಳಲೇ ಇಲ್ಲ. ಪಿಚ್ ಬ್ಯಾಟರ್‌ಗಳ ತಲೆಯೊಳಗೆ ಹೊಕ್ಕಿತ್ತು.

ಕೋಲ್ಕತ್ತ ಇನ್ನೂ ಸ್ಪಷ್ಟ ಉದಾಹರಣೆ. 2025ರ ನವೆಂಬರ್, ಈಡನ್ ಗಾರ್ಡನ್ಸ್. ಭಾರತ ಜಡೇಜ, ಅಕ್ಷರ್, ಕುಲದೀಪ್, ವಾಷಿಂಗ್ಟನ್ ಹೀಗೆ ನಾಲ್ವರು ಸ್ಪಿನ್ನರ್‌ಗಳನ್ನು ಆಡಿಸಿತು. ನಾಲ್ಕು ಇನಿಂಗ್ಸ್‌ನ ಮೊತ್ತ ನೋಡಿ: 159, 189, 153, 93. ಎರಡನೇ ದಿನದಾಟ ಮುಗಿದಾಗ ದಕ್ಷಿಣ ಆಫ್ರಿಕಾ 93ಕ್ಕೆ 7, ಮುನ್ನಡೆ ಬರೀ 63. ಪಂದ್ಯ ನಮ್ಮ ಜೇಬಿನಲ್ಲಿತ್ತು. ಕ್ರೀಸ್‌ನಲ್ಲಿದ್ದವರು ತೆಂಬಾ ಬವುಮಾ. ಗಿಡ್ಡ ಆಳು, ಚೆಂಡನ್ನು ಕೊನೇ ಗಳಿಗೆಯವರೆಗೂ ಕಾದು, ಬ್ಯಾಟನ್ನು ಪ್ಯಾಡ್‌ಗಿಂತ ಮುಂದಿಟ್ಟು, ಕೈ ಸಡಿಲಬಿಟ್ಟು ಆಡಿದರು. ಅಂಚಿಗೆ ತಾಗಿದರೂ ಚೆಂಡು ಕಾಲಬುಡದಲ್ಲೇ ಸಾಯುವಂಥ ಆಟ. 136 ಎಸೆತಗಳಲ್ಲಿ ಅಜೇಯ 55. ಇಡೀ ಪಂದ್ಯದಲ್ಲಿ ಅದೊಂದೇ ಅರ್ಧಶತಕ. ಗುರಿ 124 ಆಯಿತು. ಕುತ್ತಿಗೆ ನೋವಿನಿಂದ ನಾಯಕ ಗಿಲ್ ಬ್ಯಾಟಿಂಗ್‌ಗೆ ಬರಲಿಲ್ಲ. ಆಫ್ ಸ್ಪಿನ್ನರ್ ಸೈಮನ್ ಹಾರ್ಮರ್ ಮೊದಲ ಇನಿಂಗ್ಸ್‌ನಂತೆ ಎರಡನೆಯದರಲ್ಲೂ ನಾಲ್ಕು ವಿಕೆಟ್ ತೆಗೆದರು. 30 ರನ್‌ಗಳ ಸೋಲು. ಕೇಳಿದ್ದೇ ಇಂಥ ಪಿಚ್ ಎಂದು ಕೋಚ್ ಗೌತಮ್ ಗಂಭೀರ್ ಪಂದ್ಯದ ನಂತರ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನ. ಕೇಳಿದ್ದು ಯಾಕೆ ಎನ್ನುವುದು ಬೇರೆ ಪ್ರಶ್ನೆ.

ಇನ್ನು ಟಾಸ್. ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಸರಣಿಗಳ ಐದು ಸೋಲುಗಳಲ್ಲಿ ನಾಲ್ಕರಲ್ಲಿ ಟಾಸ್ ಗೆದ್ದದ್ದು ಪ್ರವಾಸಿ ತಂಡ, ನಾಲ್ಕರಲ್ಲೂ ಮೊದಲು ಬ್ಯಾಟ್ ಮಾಡಿತು. ಐದನೆಯದು ಬೆಂಗಳೂರು. ಅಲ್ಲಿ ಟಾಸ್ ಗೆದ್ದವರು ನಾವು. ಮಳೆಗೆ ಒಂದು ದಿನವಿಡೀ ಕೊಚ್ಚಿಹೋದ ಮೇಲೆ, ಮೋಡ ಕವಿದ ಬೆಳಿಗ್ಗೆ ಬ್ಯಾಟಿಂಗ್ ಆರಿಸಿಕೊಂಡು ಚಿನ್ನಸ್ವಾಮಿಯಲ್ಲಿ 46ಕ್ಕೆ ಆಲೌಟ್. ಬೆಂಗಳೂರಿನವರಿಗೆ ಅದನ್ನು ಮತ್ತೆ ವಿವರಿಸುವುದು ಬೇಡ. ಆದರೆ ಅಲ್ಲಿ ಕೆಡವಿದ್ದು ಮ್ಯಾಟ್ ಹೆನ್ರಿ ಮತ್ತು ವಿಲಿಯಂ ಓರೂರ್ಕ್ ಎಂಬ ವೇಗಿಗಳು, ಸ್ಪಿನ್ ಅಲ್ಲ ಎನ್ನುವುದನ್ನು ಗುರುತಿಟ್ಟುಕೊಳ್ಳಿ.

ದಕ್ಷಿಣ ಆಫ್ರಿಕಾ ಸರಣಿಯ ಎರಡನೇ ಟೆಸ್ಟ್ ನಡೆದ ಗುವಾಹಟಿಯೂ ನನ್ನ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಅಲ್ಲಿಯ ಪಿಚ್ ಚೆನ್ನಾಗಿಯೇ ಇತ್ತು. ದಕ್ಷಿಣ ಆಫ್ರಿಕಾ 489 ಹೊಡೆಯಿತು. ಏಳನೇ ಕ್ರಮಾಂಕದ ಸೆನುರಾನ್ ಮುತ್ತುಸಾಮಿ 109, ಒಂಬತ್ತನೇ ಕ್ರಮಾಂಕದ ಮಾರ್ಕೊ ಯಾನ್ಸೆನ್ 93. ಅದೇ ಪಿಚ್‌ನಲ್ಲಿ ಭಾರತ 1 ವಿಕೆಟ್‌ಗೆ 95 ಇದ್ದದ್ದು 7 ವಿಕೆಟ್‌ಗೆ 122ಕ್ಕೆ ಕುಸಿಯಿತು. ಯಾನ್ಸೆನ್ ಎತ್ತರದಿಂದ ಬೌನ್ಸರ್ ಹಾಕಿದರು, ನಮ್ಮವರು ಒಬ್ಬೊಬ್ಬರಾಗಿ ಕೈಯೊಡ್ಡಿದರು. ಆ ಇನಿಂಗ್ಸ್‌ನಲ್ಲಿ ಅತಿ ಹೆಚ್ಚು ಹೊತ್ತು ನಿಂತದ್ದು ಕುಲದೀಪ್ ಯಾದವ್: 134 ಎಸೆತ, 19 ರನ್. ಕುಲದೀಪ್‌ಗೆ ಸಾಧ್ಯವಾದದ್ದು ಮೇಲಿನವರಿಗೆ ಸಾಧ್ಯವಾಗಲಿಲ್ಲ ಎಂದರೆ ದೋಷವನ್ನು ಮಣ್ಣಿನ ಮೇಲೆ ಹಾಕುವಂತಿಲ್ಲ. 408 ರನ್‌ಗಳ ಸೋಲು, ರನ್ ಲೆಕ್ಕದಲ್ಲಿ ಭಾರತದ ಅತಿ ದೊಡ್ಡದು. ಕೊಹ್ಲಿ, ರೋಹಿತ್ 2025ರ ಮೇ ತಿಂಗಳಲ್ಲೇ ಟೆಸ್ಟ್ ಬಿಟ್ಟಿದ್ದರು, ಅಶ್ವಿನ್ ಅದಕ್ಕೂ ಮೊದಲೇ. ಮೂರನೇ ಕ್ರಮಾಂಕದಲ್ಲಿ ಕೋಲ್ಕತ್ತದಲ್ಲಿ ವಾಷಿಂಗ್ಟನ್, ಗುವಾಹಟಿಯಲ್ಲಿ ಸಾಯಿ ಸುದರ್ಶನ್. ತಂಡವೇ ಇನ್ನೂ ಕೂಡಿಕೊಳ್ಳುತ್ತಿತ್ತು.

ಆ 18 ಸರಣಿಗಳ ಕಾಲದಲ್ಲಿ ತಿರುಗುವ ಪಿಚ್ ಹೇಗೆ ಕೈಹಿಡಿಯಿತು ಎಂದು ನೀವು ಕೇಳಬಹುದು. 2023ರ ದೆಹಲಿ ಟೆಸ್ಟ್ ಮತ್ತೆ ನೋಡಿ. ಆಸ್ಟ್ರೇಲಿಯಾದ 263ಕ್ಕೆ ಉತ್ತರವಾಗಿ ಭಾರತ 139ಕ್ಕೆ 7 ಆಗಿತ್ತು. ಅಕ್ಷರ್ 74, ಅಶ್ವಿನ್ 37 ಹೊಡೆದು ಮೊತ್ತವನ್ನು 262ಕ್ಕೆ ಮುಟ್ಟಿಸಿದರು. ಅಲ್ಲಿಗೆ ಆಸ್ಟ್ರೇಲಿಯಾದ ಮುನ್ನಡೆ ಒಂದೇ ರನ್. ಮೂರನೇ ದಿನ ಬೆಳಿಗ್ಗೆ ಅವರು 1 ವಿಕೆಟ್‌ಗೆ 61ರಿಂದ 113ಕ್ಕೆ ಆಲೌಟ್. ಜಡೇಜ 42ಕ್ಕೆ 7. ಕೆಳಗೆ ಹರಿಯುವ ಚೆಂಡಿಗೆ ಒಬ್ಬರಾದ ಮೇಲೊಬ್ಬರು ಸ್ವೀಪ್ ಮಾಡಲು ಹೋಗಿ ಔಟಾದರು. ಎಲ್ಲರಿಗೂ ನೆನಪಿರುವುದು ಜಡೇಜ ವಿಕೆಟ್‌ಗಳು. ಪಂದ್ಯ ತಿರುಗಿದ್ದು ಎಂಟನೇ ವಿಕೆಟ್‌ನ 114 ರನ್ ಜೊತೆಯಾಟದಲ್ಲಿ. ಅಂದರೆ ಬೌಲ್ ಮಾಡುವವರೇ ಬ್ಯಾಟಿಂಗ್‌ನಲ್ಲೂ ತಂಡವನ್ನು ಎತ್ತುತ್ತಿದ್ದರು. ಆ ಇಬ್ಬರಲ್ಲಿ ಅಶ್ವಿನ್ ಈಗ ತಂಡದಲ್ಲಿಲ್ಲ. ಜಡೇಜ 2026ರ ಡಿಸೆಂಬರ್‌ಗೆ 38 ತುಂಬುತ್ತಾರೆ. ಅದೇ ಸರಣಿಯ ಇಂದೋರ್ ಟೆಸ್ಟ್‌ನಲ್ಲಿ ಪಿಚ್ ಇನ್ನೂ ಕೆಟ್ಟದಾಗಿದ್ದಾಗ ಏನಾಯಿತು? ಭಾರತ 109ಕ್ಕೆ ಆಲೌಟ್, ಎರಡನೇ ಇನಿಂಗ್ಸ್‌ನಲ್ಲಿ ನೇಥನ್ ಲಯನ್ 64ಕ್ಕೆ 8, ಆಸ್ಟ್ರೇಲಿಯಾಕ್ಕೆ 9 ವಿಕೆಟ್ ಗೆಲುವು.

ಇಷ್ಟೆಲ್ಲ ಗೊತ್ತಿದ್ದೂ ತಂಡ ಯಾಕೆ ಹಾಗೆ ಕೇಳುತ್ತದೆ? ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನ ಲೆಕ್ಕಾಚಾರ. ಗೆದ್ದರೆ 12 ಅಂಕ, ಡ್ರಾ ಆದರೆ 4, ಸೋತರೆ ಸೊನ್ನೆ. ಪಟ್ಟಿಯಲ್ಲಿ ಸ್ಥಾನ ಸಿಗುವುದು ಅಂಕಗಳ ಶೇಕಡಾವಾರಿನ ಮೇಲೆ. ತವರಿನ ಡ್ರಾ ಹೆಚ್ಚುಕಡಿಮೆ ಸೋಲಿನಷ್ಟೇ ನೋವು ಕೊಡುತ್ತದೆ. ಎರಡೇ ಟೆಸ್ಟ್‌ನ ಸರಣಿಯಾದರೆ ಆತುರ ಇನ್ನೂ ಜಾಸ್ತಿ. ದಕ್ಷಿಣ ಆಫ್ರಿಕಾ ಸರಣಿ ಮುಗಿದಾಗ ಈ ಆವೃತ್ತಿಯಲ್ಲಿ ಭಾರತ ಆಡಿದ 9 ಟೆಸ್ಟ್‌ಗಳಲ್ಲಿ ನಾಲ್ಕು ಗೆಲುವು, ನಾಲ್ಕು ಸೋಲು, ಒಂದು ಡ್ರಾ: 108ರಲ್ಲಿ 52 ಅಂಕ. ಈ ಒತ್ತಡ ಇದ್ದಾಗ ಪಿಚ್ ಸಿದ್ಧಪಡಿಸುವ ಕ್ಯುರೇಟರ್‌ಗೆ ‘ನೀರು ಬಿಡಬೇಡಿ’ ಎಂಬ ಸೂಚನೆ ಹೋಗುವುದು ಸಹಜವೇ. ಸಹಜ ಎಂದ ಮಾತ್ರಕ್ಕೆ ಜಾಣತನವಲ್ಲ.

ಈಗ ವೆಸ್ಟ್ ಇಂಡೀಸ್ ವಿಷಯ. 2025ರ ಅಕ್ಟೋಬರ್‌ನಲ್ಲಿ ದೆಹಲಿಯ ಪಿಚ್ ಸಪ್ಪೆ, ನಿಧಾನ. ಭಾರತ 5 ವಿಕೆಟ್‌ಗೆ 518 ಹೊಡೆದು ಡಿಕ್ಲೇರ್ ಮಾಡಿತು. ಫಾಲೋ ಆನ್‌ಗೆ ಸಿಕ್ಕ ವೆಸ್ಟ್ ಇಂಡೀಸ್ ಎರಡನೇ ಇನಿಂಗ್ಸ್‌ನಲ್ಲಿ 390 ಹೊಡೆದು ಬೆವರಿಳಿಸಿತು. ಪಂದ್ಯ ಐದನೇ ದಿನಕ್ಕೆ ಹೋಯಿತು, ಆದರೂ ಭಾರತ ಏಳು ವಿಕೆಟ್‌ಗಳಿಂದ ಗೆದ್ದಿತು. ಎದುರಾಳಿ ದುರ್ಬಲ ಎನ್ನಬಹುದು. ಆದರೂ ತವರಿನ ತಂಡದ ನಿಜವಾದ ಲಾಭ ಇರುವುದು ಇಂಥ ಕಡೆ. ಬೇರೆಬೇರೆ ಬಗೆಯ ಮೂವರು ಸ್ಪಿನ್ನರ್‌ಗಳು, ಹಳೆಯ ಎಸ್‌ಜಿ ಚೆಂಡನ್ನು ರಿವರ್ಸ್ ಸ್ವಿಂಗ್ ಮಾಡಬಲ್ಲ ಬೂಮ್ರಾ, ಎಂಟನೇ ಕ್ರಮಾಂಕದವರೆಗೂ ಬ್ಯಾಟಿಂಗ್. ಇದೆಲ್ಲ ಕೆಲಸಕ್ಕೆ ಬರಲು ಪಂದ್ಯ ಲಂಬಿಸಬೇಕು.

ಆಸ್ಟ್ರೇಲಿಯಾ ಏನು ತರಬಹುದು? 2004ರ ನಂತರ ಅವರು ಇಲ್ಲಿ ಸರಣಿ ಗೆದ್ದಿಲ್ಲ. ಆ ಸಲ ಅವರನ್ನು ಗೆಲ್ಲಿಸಿದವರು ವೇಗಿಗಳು. ಮೆಕ್‌ಗ್ರಾ, ಗಿಲೆಸ್ಪಿ, ಕಾಸ್ಪ್ರೊವಿಚ್ ಸ್ಟಂಪ್‌ಗೆ ನೇರವಾಗಿ ಹಾಕಿ, ಬೌಂಡರಿಗೆ ಕಾವಲು ನಿಲ್ಲಿಸಿ, ನಮ್ಮವರ ತಾಳ್ಮೆ ಪರೀಕ್ಷಿಸಿದರು. ಹುಲ್ಲು ಬಿಟ್ಟಿದ್ದ ನಾಗ್ಪುರದಲ್ಲಿ 342 ರನ್‌ಗಳಿಂದ ಗೆದ್ದು ಸರಣಿ ಕೈಗೆ ತೆಗೆದುಕೊಂಡರು. ಉಪಖಂಡದ ಪಾಠವನ್ನು ಈಚೆಗೂ ಕಲಿತಿದ್ದಾರೆ: 2025ರ ಆರಂಭದಲ್ಲಿ ಗಾಲೆಯಲ್ಲಿ ಶ್ರೀಲಂಕಾವನ್ನು 2–0ಯಿಂದ ಸೋಲಿಸಿದಾಗ ಎಡಗೈ ಸ್ಪಿನ್ನರ್ ಮ್ಯಾಥ್ಯೂ ಕುನೆಮನ್ 16 ವಿಕೆಟ್ ಪಡೆದರು, ಸ್ಮಿತ್ ಎರಡು ಶತಕ ಹೊಡೆದರು. ಅಲ್ಲಿ 232 ಹೊಡೆದ ಉಸ್ಮಾನ್ ಖ್ವಾಜಾ ಈಗ ನಿವೃತ್ತರು. ಸರಣಿಯ ಹೊತ್ತಿಗೆ ಲಯನ್‌ಗೆ 39 ವರ್ಷ. ಟಾಡ್ ಮರ್ಫಿ 2023ರಲ್ಲಿ ನಾಗ್ಪುರದಲ್ಲಿ ಪದಾರ್ಪಣೆಯಲ್ಲೇ ಏಳು ವಿಕೆಟ್ ಕಿತ್ತವರು. ನನ್ನ ಮಟ್ಟಿಗೆ ಅಪಾಯ ಕುನೆಮನ್. ವೇಗವಾಗಿ, ನೇರವಾಗಿ ಹಾಕುವ ಎಡಗೈ ಸ್ಪಿನ್ನರ್, ಇಂದೋರ್‌ನ ಮೊದಲ ಇನಿಂಗ್ಸ್‌ನಲ್ಲಿ 16 ರನ್‌ಗೆ 5 ವಿಕೆಟ್ ತೆಗೆದವರು. ಪುಡಿ ಪಿಚ್ ಕೊಟ್ಟರೆ ಅವರಿಗೆ ಹಬ್ಬ.

ಸರಣಿ ಶುರುವಾದಾಗ ಟಾಸ್‌ಗಿಂತ ಮೊದಲು ವೀಕ್ಷಕ ವಿವರಣೆಕಾರರು ಪಿಚ್ ಮೇಲೆ ಕೀಲಿಕೈ ಒತ್ತಿ ತೋರಿಸುವುದನ್ನು ಹೆಚ್ಚು ನಂಬಬೇಡಿ. ಮೊದಲ ಗಂಟೆಯಲ್ಲಿ ನೋಡಬೇಕಾದ್ದು ಕೀಪರ್‌ನ ಕೈ. ಸ್ಪಿನ್ನರ್ ಹಾಕಿದ ಚೆಂಡನ್ನು ಆತ ಒಮ್ಮೆ ಎದೆಯೆತ್ತರದಲ್ಲಿ, ಇನ್ನೊಮ್ಮೆ ಪಾದದ ಬಳಿ ಹಿಡಿಯುತ್ತಿದ್ದರೆ ಪಂದ್ಯ ಮೂರು ದಿನದ್ದು, ಯಾರದು ಎಂದು ಹೇಳುವಂತಿಲ್ಲ. ತಿರುವು ಇದ್ದು ಪುಟಿತ ಒಂದೇ ಸಮನಿದ್ದರೆ ನಿಶ್ಚಿಂತೆಯಿಂದ ಕಾಫಿ ಕುಡಿಯಿರಿ. ಮಣ್ಣಿನ ಬಣ್ಣವೂ ಸ್ವಲ್ಪ ಹೇಳುತ್ತದೆ: ಕೆಂಪು ಮಣ್ಣು ಪುಟಿತ ಕೊಟ್ಟು ಬೇಗ ಒಡೆಯುತ್ತದೆ, ಕಪ್ಪು ಮಣ್ಣು ತೇವ ಹಿಡಿದುಕೊಂಡು ಚೆಂಡನ್ನು ಕೆಳಗೇ ಇಡುತ್ತದೆ.

ಐದು ಟೆಸ್ಟ್ ಇರುವುದು ನಮಗೆ ಒಳ್ಳೆಯದೇ. 2021ರಲ್ಲಿ ಚೆನ್ನೈ, 2024ರಲ್ಲಿ ಹೈದರಾಬಾದ್, ಎರಡು ಸಲವೂ ಇಂಗ್ಲೆಂಡ್ ಮೊದಲ ಪಂದ್ಯ ಗೆದ್ದು ಸರಣಿಯನ್ನು 3–1, 4–1ರಿಂದ ಸೋತಿತು. ಎರಡು ಪಂದ್ಯದ ಸರಣಿಯಲ್ಲಿ ಆ ಚೇತರಿಕೆಗೆ ಸಮಯವೇ ಇರುವುದಿಲ್ಲ. ಹಾಗಾಗಿ ಒಳ್ಳೆಯ ಪಿಚ್‌ಗಳಲ್ಲಿ ಆಡಿದರೆ ಭಾರತ 3–1ರಿಂದ ಗೆಲ್ಲುತ್ತದೆ ಎಂಬುದು ನನ್ನ ಅಂದಾಜು. ಐದೂ ಕಡೆ ಕೋಲ್ಕತ್ತವನ್ನೇ ಹಾಸಿದರೆ ಅಂದಾಜು ವಾಪಸ್, ನಾಣ್ಯ ಚಿಮ್ಮುವ ನಾಯಕರನ್ನೇ ಕೇಳಿ.