ಕ್ಯಾಥೆಟರ್ ಮೂಲಕ ಹಾಕಿದ ಹೃದಯದ ವಾಲ್ವ್ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಹೊಸ ವಾಲ್ವ್ ಕ್ಯಾಥ್ ಲ್ಯಾಬಿಗೆ (ಕ್ಯಾಥೆಟರ್ ಚಿಕಿತ್ಸೆ ನಡೆಯುವ ಕೋಣೆಗೆ) ಬರುವುದು ಒಂದು ಪುಟ್ಟ ಡಬ್ಬಿಯಲ್ಲಿ, ದ್ರಾವಣದಲ್ಲಿ ಮುಳುಗಿಕೊಂಡು. ಅದನ್ನು ಎತ್ತಿ ಸಲೈನ್ ತುಂಬಿದ ಬಟ್ಟಲುಗಳಲ್ಲಿ ಅದ್ದಿ ಅದ್ದಿ ತೊಳೆಯುತ್ತೇವೆ. ಒಂದು ಲೋಹದ ಬಲೆ, ಅದರೊಳಗೆ ಹೊಲಿದ ಮೂರು ತೆಳು ಎಸಳು. ಹಸುವಿನದೋ ಹಂದಿಯದೋ ಹೃದಯದ ಹೊರಪೊರೆಯಿಂದ ಮಾಡಿದ ಎಸಳುಗಳು. ಎರಡೂವರೆ ಸೆಂಟಿಮೀಟರ್ ಆಸುಪಾಸಿನ ಈ ವಾಲ್ವನ್ನು ಪೆನ್ನಿನಷ್ಟು ಸಣ್ಣಗೆ ಅಮುಕಿ, ಕ್ಯಾಥೆಟರ್ ಎಂಬ ತೆಳು ಕೊಳವೆಯಲ್ಲಿ ತೊಡೆಸಂದಿನ ರಕ್ತನಾಳದಿಂದ ಹೃದಯಕ್ಕೆ ಕಳಿಸುತ್ತೇವೆ. ಹೃದಯದಿಂದ ಅಯೋರ್ಟಾ ಎಂಬ ಮಹಾಪಧಮನಿಗೆ ರಕ್ತ ಬಿಡುವ, ಕೆಟ್ಟುಹೋದ ಹಳೆಯ ವಾಲ್ವನ್ನು ಪಕ್ಕಕ್ಕೆ ಒತ್ತಿ ಇದು ಅಲ್ಲಿ ಅರಳಿಕೊಳ್ಳುತ್ತದೆ. ಇದೇ ಟಾವಿ, ಎದೆ ಕೊಯ್ಯದೆ ವಾಲ್ವ್ ಹಾಕುವ ವಿಧಾನ.

ಇಷ್ಟು ವಿವರಿಸಿದ ಮೇಲೆ ಮನೆಯವರು ತಪ್ಪದೆ ಕೇಳುತ್ತಾರೆ: "ಎಷ್ಟು ವರ್ಷ ಬಾಳಿಕೆ ಬರುತ್ತೆ ಡಾಕ್ಟ್ರೇ?" ಆಗ ನನ್ನ ಕಣ್ಣು ಮೊದಲು ಹೋಗುವುದು ಚೀಟಿಯಲ್ಲಿ ಬರೆದ ವಯಸ್ಸಿನ ಕಡೆಗೆ.

ಹೃದಯ ವರ್ಷಕ್ಕೆ ಸುಮಾರು 3.5 ಕೋಟಿ ಸಲ ಬಡಿಯುತ್ತದೆ. ಅಷ್ಟು ಸಲವೂ ಎಸಳು ತೆರೆದು ಮುಚ್ಚಬೇಕು. ಅದರಲ್ಲಿ ಜೀವವಿಲ್ಲ, ಸವೆದದ್ದನ್ನು ತಾನೇ ಸರಿಮಾಡಿಕೊಳ್ಳುವುದಿಲ್ಲ. ಬರಬರುತ್ತಾ ಸುಣ್ಣ ಕೂತು ಬಿರುಸಾಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ಈ ಸುಣ್ಣ ಬೇಗ ಕೂರುತ್ತದೆ. ಕಿಡ್ನಿ ತೊಂದರೆ ಇದ್ದರೂ ಹಾಗೇ.

ಫ್ರಾನ್ಸ್‌ನ ಡಾ. ಅಲೆನ್ ಕ್ರಿಬಿಯೆ ಮೊದಲ ಟಾವಿ ಮಾಡಿದ್ದು 2002ರಲ್ಲಿ. ಬಾಳಿಕೆಯ ಬಗ್ಗೆ ಒಳ್ಳೆಯ ಸುದ್ದಿ ಬಂದದ್ದು ಡೆನ್ಮಾರ್ಕ್ ಮತ್ತು ಸ್ವೀಡನ್‌ನ 'ನೋಷನ್' ಅಧ್ಯಯನದಿಂದ. 280 ರೋಗಿಗಳಲ್ಲಿ ಕೆಲವರಿಗೆ ಟಾವಿ, ಉಳಿದವರಿಗೆ ಓಪನ್ ಹಾರ್ಟ್ ಸರ್ಜರಿ. ಹತ್ತು ವರ್ಷದ ಹೊತ್ತಿಗೆ ವಾಲ್ವ್ ತೀವ್ರವಾಗಿ ಕೆಟ್ಟದ್ದು ಟಾವಿಯಲ್ಲಿ ನೂರಕ್ಕೆ 1.5 ಮಂದಿಗೆ, ಸರ್ಜರಿಯಲ್ಲಿ 10 ಮಂದಿಗೆ. ಆದರೆ ಆ ರೋಗಿಗಳ ಸರಾಸರಿ ವಯಸ್ಸು 79. ಹತ್ತು ವರ್ಷದಲ್ಲಿ ಎರಡೂ ಗುಂಪಿನಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನ ತೀರಿಕೊಂಡಿದ್ದರು. ಸರ್ಜರಿಗೆ ಬಳಸಿದ್ದ ಕೆಲವು ವಾಲ್ವ್‌ಗಳು ಬೇಗ ಕೆಡುವ ಮಾದರಿಯವು ಎಂಬುದೂ ಆಮೇಲೆ ಗೊತ್ತಾಯಿತು. ಎಂಬತ್ತರ ಅಜ್ಜಿಗೆ ಈ ಅಂಕಿ ತೋರಿಸಿ ನಾನು ಧೈರ್ಯ ಹೇಳುತ್ತೇನೆ. ಐವತ್ತೈದರ ಮಗನಿಗೆ ಅದೇ ಅಂಕಿ ತೋರಿಸಿದರೆ ಮೋಸ ಮಾಡಿದಂತೆ, ಅಲ್ವಾ?

"ಎದೆ ಕೊಯ್ಯೋದು ಬೇಡ ಸರ್, ಇದನ್ನೇ ಹಾಕಿಬಿಡಿ" ಎಂದು ಐವತ್ತೈದರವರು ಕೇಳಿದಾಗ ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಮುಂದಿನ ಇಪ್ಪತ್ತೈದು ವರ್ಷದ ಲೆಕ್ಕ ಹಾಕಲೇಬೇಕು. ಮೊದಲ ವಾಲ್ವ್ ಕೆಟ್ಟರೆ ಅದರೊಳಗೇ ಇನ್ನೊಂದನ್ನು ಕೂರಿಸಬಹುದು. ಆಗ ಹಳೆಯ ಎಸಳುಗಳು ಬಲೆಗೆ ಒತ್ತಿಕೊಂಡು ಗೋಡೆಯಂತೆ ನಿಲ್ಲುತ್ತವೆ. ಕೆಲವರಲ್ಲಿ ಆ ಗೋಡೆ ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳ ಬಾಯಿಗೆ ಅಡ್ಡ ಬರುತ್ತದೆ. ಸರ್ಜರಿ ಮಾಡಿ ತೆಗೆಯೋಣವೆಂದರೆ, ಬಲೆ ಅಷ್ಟರಲ್ಲಿ ಅಯೋರ್ಟಾದ ಗೋಡೆಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಎರಡನೆಯ ವಾಲ್ವ್‌ಗೆ ಜಾಗ ಇದೆಯೇ ಎಂದು ಮೊದಲನೆಯದಕ್ಕೂ ಮುಂಚೆ ಸಿಟಿ ಸ್ಕ್ಯಾನ್‌ನಲ್ಲೇ ಅಳೆಯುತ್ತೇವೆ. ಅಮೆರಿಕದ 2020ರ ಮಾರ್ಗಸೂಚಿ 65ರ ಒಳಗಿನವರಿಗೆ ಸರ್ಜರಿ, 80 ದಾಟಿದವರಿಗೆ ಟಾವಿ, ನಡುವಿನವರಿಗೆ ಕೂತು ಮಾತಾಡಿ ತೀರ್ಮಾನ ಎನ್ನುತ್ತದೆ. ನಾನೂ ಹೆಚ್ಚುಕಮ್ಮಿ ಹಾಗೇ ನಡೆಯುತ್ತೇನೆ.

ವಾಲ್ವ್ ಹಾಕಿಸಿಕೊಂಡವರು ಮೊದಲ ತಿಂಗಳ ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟನ್ನು ಮನೆಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಅದರಲ್ಲಿ 'ಮೀನ್ ಗ್ರೇಡಿಯೆಂಟ್' ಎಂಬ ಅಂಕಿ ಇರುತ್ತದೆ. ವಾಲ್ವಿನ ಆಚೆ ಈಚೆ ರಕ್ತದ ಒತ್ತಡದಲ್ಲಿ ಸರಾಸರಿ ಎಷ್ಟು ವ್ಯತ್ಯಾಸವಿದೆ ಎಂಬ ಲೆಕ್ಕ ಅದು, ವಾಲ್ವ್ ಬಿಗಿಯಾದಷ್ಟೂ ಏರುತ್ತದೆ. ಐದು ವರ್ಷದ ಮೇಲೆ ಅದು 22 ಬಂತು ಅನ್ನಿ. ಮೊದಲು 10 ಇದ್ದರೆ ನಾನು ಎಚ್ಚರವಾಗುತ್ತೇನೆ, ಮೊದಲೇ 20 ಇದ್ದರೆ ಅಷ್ಟು ಗಾಬರಿಯಿಲ್ಲ. ಹಳೆಯ ಕಾಗದವೇ ಇಲ್ಲದಿದ್ದರೆ ಏನು ಹೇಳಲಿ? ವರ್ಷಕ್ಕೊಮ್ಮೆ ಎಕೋ ಮಾಡಿಸಿ, ಸುಸ್ತು ಕಾಣದಿದ್ದರೂ. ಅಂಕಿ ಏರಿದ ಮಾತ್ರಕ್ಕೆ ವಾಲ್ವ್ ಹೋಯಿತೆಂದಲ್ಲ. ಎಸಳಿನ ಮೇಲೆ ತೆಳುವಾಗಿ ರಕ್ತ ಹೆಪ್ಪುಗಟ್ಟಿದ್ದರೂ ಏರಬಹುದು. ಅದು ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಎಷ್ಟೋ ಸಲ ರಕ್ತ ತೆಳುಮಾಡುವ ಮಾತ್ರೆಯಲ್ಲೇ ಸರಿಹೋಗುತ್ತದೆ.

ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ವಾಲ್ವ್ ಇದೆಯೆಂದು ಹೇಳಿ. ವಾಲ್ವ್‌ಗೆ ಸೋಂಕು ತಗುಲದಂತೆ ಒಂದು ಡೋಸ್ ಆಂಟಿಬಯಾಟಿಕ್ ಕೊಟ್ಟು ಆಮೇಲೆ ಕೀಳುತ್ತಾರೆ.