ನನ್ನ ಮೈಗೆ ಒಗ್ಗೋ ಊಟ ಯಾವುದು? ಮೊದಲು ಆ ಮುದ್ದೆಯನ್ನು ತೂಕಕ್ಕೆ ಹಾಕಿ

ಪ್ರಶ್ನೆ: ನನಗೆ 44 ವರ್ಷ, ಕೂತು ಮಾಡುವ ಕೆಲಸ. ಶುಗರ್ ಬಾರ್ಡರ್‌ನಲ್ಲಿದೆ ಅಂದಿದ್ದಾರೆ. ಕೀಟೊ (ಅನ್ನ, ಹಿಟ್ಟು ತೀರಾ ಕಡಿಮೆ, ಕೊಬ್ಬು ಜಾಸ್ತಿ ಇರುವ ಡಯಟ್) ಮಾಡಿ ನೋಡಿದೆ, ಆಗಲಿಲ್ಲ. ಈಗ ಅನ್ನ ಪೂರ್ತಿ ಬಿಟ್ಟಿದ್ದೇನೆ. ಬೆಳಿಗ್ಗೆ ರಾಗಿ ಮಾಲ್ಟ್, ಎರಡು ಹೊತ್ತು ಮುದ್ದೆ. ಆದರೂ ಶುಗರ್ ಇಳಿದಿಲ್ಲ. ನನ್ನ ದೇಹಕ್ಕೆ ಯಾವ ಡಯಟ್ ಸೂಟ್ ಆಗುತ್ತದೆ?
(ಓದುಗರು, ವಿಜಯನಗರ)

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಬಡಾವಣೆ ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ, ರಾಗಿ ಮಾತ್ರ ಬದಲಾಗುವುದಿಲ್ಲ. ಆದರೂ ಇನ್ನೊಮ್ಮೆ ಬರೆಯುತ್ತೇನೆ. ಈ ಸಲ ದಯವಿಟ್ಟು ಪ್ರಿಂಟ್ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ.

ಮೊದಲು ಡಯಟ್‌ಗಳ ಮಾತು ಬೇಗ ಮುಗಿಸೋಣ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ ಕೊಬ್ಬಿನ ಊಟ, ಇನ್ನೊಂದಕ್ಕೆ ಕಡಿಮೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ಊಟ ಹೇಳಿ ಒಂದು ವರ್ಷ ನೋಡಿದರು. ಒಂದು ಗುಂಪು ಸರಾಸರಿ 5.3 ಕೆ.ಜಿ. ಇಳಿಯಿತು, ಇನ್ನೊಂದು 6 ಕೆ.ಜಿ. ಅಷ್ಟೇ ವ್ಯತ್ಯಾಸ. ಆದರೆ ಎರಡೂ ಗುಂಪಿನಲ್ಲಿ ತುಂಬಾ ಇಳಿದವರೂ ಇದ್ದರು, ತೂಕ ಏರಿಸಿಕೊಂಡವರೂ ಇದ್ದರು. ಜೀನ್ ನೋಡಿ ಯಾರಿಗೆ ಯಾವುದು ಅಂತ ಮೊದಲೇ ಹೇಳಲು ಆಗುತ್ತಾ ಅಂತಲೂ ಪರೀಕ್ಷಿಸಿದರು. ಆಗಲಿಲ್ಲ. ಹಾಗಾಗಿ ಜೀನ್ ಟೆಸ್ಟಿಗೆ ಜೊಲ್ಲು ಕಳಿಸಿ ಡಯಟ್ ಚಾರ್ಟ್ ತರಿಸಿಕೊಳ್ಳುವ ಮುಂಚೆ ಸ್ವಲ್ಪ ಯೋಚಿಸಿ. ಬ್ಲಡ್ ಗ್ರೂಪ್ ನೋಡಿ ಊಟ ಹೇಳುವವರ ವಿಷಯ ನನ್ನನ್ನು ಕೇಳಲೇಬೇಡಿ.

ಈಗ ರಾಗಿಗೆ ಬರೋಣ. ಶುಗರ್ ಅಂದ ತಕ್ಷಣ ಪಕ್ಕದ ಮನೆಯವರು, ಪಾರ್ಕಿನ ವಾಕಿಂಗ್ ಗೆಳೆಯರು, ಹಿಟ್ಟಿನ ಗಿರಣಿಯವರು ಎಲ್ಲರದ್ದೂ ಒಂದೇ ಮಾತು: “ಅನ್ನ ಬಿಡಿ ಸಾರ್, ಮುದ್ದೆ ತಿನ್ನಿ. ರಾಗಿಯಲ್ಲಿ ಶುಗರ್ ಇರಲ್ಲ.”

ಇರುತ್ತೆ, ಕಾರ್ಬೋಹೈಡ್ರೇಟ್ ರೂಪದಲ್ಲಿ. ಜೀರ್ಣವಾದಾಗ ಅದೇ ರಕ್ತದಲ್ಲಿ ಸಕ್ಕರೆಯಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ತೆಗೆದು ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟೇ ಅಕ್ಕಿಯಲ್ಲಿ ಸುಮಾರು 78. ಪ್ರೋಟೀನ್ ಜಾಸ್ತಿ ಅಂತೀರಾ? ರಾಗಿಯಲ್ಲಿ 7 ಗ್ರಾಂ ಚಿಲ್ಲರೆ, ಅಕ್ಕಿಯಲ್ಲಿ 8ರ ಹತ್ತಿರ. ಹೌದು, ಅಕ್ಕಿಯಲ್ಲೇ ಒಂದು ಚೂರು ಜಾಸ್ತಿ. ರಾಗಿ ಗೆಲ್ಲುವುದು ನಾರಿನಲ್ಲಿ ಮತ್ತು ಕ್ಯಾಲ್ಸಿಯಂನಲ್ಲಿ. ನಾರು ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಕೂಡ ಇಲ್ಲ. ಕ್ಯಾಲ್ಸಿಯಂ 364 ಮಿಲಿಗ್ರಾಂ, ಅಂದರೆ ಅಷ್ಟೇ ತೂಕದ ಹಸುವಿನ ಹಾಲಿಗಿಂತ ಸುಮಾರು ಮೂರು ಪಟ್ಟು. ಒಳ್ಳೆಯ ಧಾನ್ಯ, ಅನುಮಾನವೇ ಇಲ್ಲ. ನಮ್ಮ ಮನೆಯಲ್ಲೂ ಮುದ್ದೆ, ಬಸ್ಸಾರು ಆಗುತ್ತದೆ. ಆದರೆ ಅದು ಔಷಧಿ ಅಲ್ಲ, ಊಟ.

ನನ್ನ ಹತ್ತಿರ ಬರುವವರಿಗೆ ನಾನು ಹೇಳುವ ಮೊದಲ ಕೆಲಸ, ಮನೆಯ ಮುದ್ದೆಯನ್ನು ಅಡುಗೆಮನೆ ತಕ್ಕಡಿಯ ಮೇಲೆ ಇಡುವುದು. ಬೆಂಗಳೂರಿನ ಮನೆಗಳಲ್ಲಿ ಒಂದು ಮುದ್ದೆ ಸುಲಭವಾಗಿ 250ರಿಂದ 300 ಗ್ರಾಂ ತೂಗುತ್ತದೆ. ಅದರೊಳಗೆ ಹತ್ತಿರ ಹತ್ತಿರ 100 ಗ್ರಾಂ ಹಿಟ್ಟು. ಅಷ್ಟು ಕಾರ್ಬ್ ಅನ್ನದಿಂದ ಬರಬೇಕಾದರೆ ಸುಮಾರು 85 ಗ್ರಾಂ ಅಕ್ಕಿ ಬೇಯಿಸಬೇಕು. ಅದು ತಟ್ಟೆ ತುಂಬ ಅನ್ನ. ಅಷ್ಟು ಅನ್ನ ಬಡಿಸಿದರೆ “ಅಯ್ಯೋ ಶುಗರ್ ಇದೆ, ಬೇಡ” ಅಂತ ಕೈ ಅಡ್ಡ ಹಿಡಿಯುವವರು, ಅದೇ ಲೆಕ್ಕದ ಮುದ್ದೆಯನ್ನು ಮುಗಿಸಿ ಇನ್ನರ್ಧ ಹಾಕಿಸಿಕೊಳ್ಳುತ್ತಾರೆ. ಆಮೇಲೆ “ಊಟ ಮುಗೀಬೇಕಲ್ಲ” ಅಂತ ಸ್ವಲ್ಪ ಮೊಸರನ್ನ!

ಇನ್ನು ಮಾಲ್ಟ್. ಇದರ ಮೇಲೆ ನನಗೆ ಸಿಟ್ಟು ಜಾಸ್ತಿ. ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ ಯಾಕೆ ಕೊಡುತ್ತೇವೆ? ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು, ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಕಾಸುತ್ತೇವೆ. ನಿಮ್ಮ ಮಾಲ್ಟೂ ಹೆಚ್ಚುಕಮ್ಮಿ ಅದೇ. ಹಲ್ಲಿಲ್ಲದ ಕೂಸಿಗೆ ಬೇಗ ಜೀರ್ಣವಾಗಲಿ ಅಂತ ಅಲ್ವಾ? ಮೊಳಕೆ ಬಂದಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಒಡೆಯಲು ಶುರು ಮಾಡುತ್ತವೆ, ಸೋಸಿದಾಗ ನಾರು ಹೋಗುತ್ತದೆ. ಬೇಗ ಜೀರ್ಣ ಅಂದರೆ ಬೇಗ ರಕ್ತಕ್ಕೆ ಸಕ್ಕರೆ. ಕೂಸಿಗೆ ಅದು ಬೇಕು. ಶುಗರ್ ಬಾರ್ಡರ್‌ನಲ್ಲಿರುವ ನಿಮಗೆ ಬೆಳ್ಳಂಬೆಳಿಗ್ಗೆ ಖಾಲಿ ಹೊಟ್ಟೆಗೆ ಬೇಡ. ಅದಕ್ಕೆ ಬೆಲ್ಲ ಬೇರೆ. “ಸಕ್ಕರೆ ಹಾಕಲ್ಲ ಮೇಡಂ, ಬೆಲ್ಲ ಮಾತ್ರ” ಅನ್ನುವವರಿಗೆ ಹೇಳಿ ಹೇಳಿ ನನ್ನ ಗಂಟಲೇ ಒಣಗಿದೆ. ಬೆಲ್ಲದಲ್ಲಿ ಇರುವುದು ಬಹುಪಾಲು ಅದೇ ಸಕ್ಕರೆ.

ರಾಗಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಹಿಂದೆ ಓದಿ. ಪದಾರ್ಥಗಳನ್ನು ತೂಕದಲ್ಲಿ ಯಾವುದು ಜಾಸ್ತಿಯೋ ಅದರಿಂದ ಶುರು ಮಾಡಿ ಬರೆಯಬೇಕು ಅನ್ನುವುದು ನಿಯಮ. ರಾಗಿ ಎಷ್ಟನೆಯದಾಗಿ ಬರುತ್ತದೆ ಅಂತ ನೀವೇ ನೋಡಿ.

“ಹಾಗಾದರೆ ನಮ್ಮ ತಾತ ಮೂರು ಹೊತ್ತೂ ಮುದ್ದೆ ತಿಂದು ಗಟ್ಟಿಮುಟ್ಟಾಗಿ ಇರಲಿಲ್ವಾ? ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತ ಗಾದೆಯೇ ಇದೆ!” ಇದೆ. ಆದರೆ ಗಾದೆಯ ಎರಡನೇ ಅರ್ಧವನ್ನೂ ಓದಿ. ಆತ ಬೆಟ್ಟ ಕೀಳುತ್ತಿದ್ದ. ನೀವು ಹಿಟ್ಟು ತಿಂದು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂರುತ್ತೀರಿ. ತಾತ ಬೆಳಗಾಗುವ ಮುಂಚೆ ನೇಗಿಲ ಹಿಂದೆ ನಡೆಯುತ್ತಿದ್ದರು, ಆ ಮುದ್ದೆ ಮಧ್ಯಾಹ್ನದೊಳಗೆ ಕರಗುತ್ತಿತ್ತು. ಇನ್ನೊಂದು ಮಾತು: ಗಟ್ಟಿಯಾಗಿ ಉಳಿದ ತಾತಂದಿರ ಕಥೆ ಮಾತ್ರ ನಮಗೆ ಸಿಕ್ಕಿದೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದ ಸರಾಸರಿ ಆಯಸ್ಸು 32 ವರ್ಷದ ಆಸುಪಾಸು.

ಸರಿ, ನಿಮಗೆ ಒಗ್ಗುವುದನ್ನು ಕಂಡುಕೊಳ್ಳುವುದು ಹೇಗೆ? ಮೊದಲ ವಾರ ಏನೂ ಬದಲಾಯಿಸಬೇಡಿ. ತಿಂದದ್ದನ್ನೆಲ್ಲ ಬರೆದಿಡಿ. ಬೈಟು ಕಾಫಿ, ಆಫೀಸಿನ ಬರ್ತ್‌ಡೇ ಕೇಕಿನ ತುಂಡು, ದರ್ಶಿನಿಯಲ್ಲಿ ನಿಂತು ತಿಂದ ವಡೆ, ಎಲ್ಲ. ಆಮೇಲೆ ಗ್ಲುಕೋಮೀಟರ್ ತೆಗೆಯಿರಿ. ಒಂದು ರಾತ್ರಿ ಅಳತೆಯ ಮುದ್ದೆ, ಇನ್ನೊಂದು ರಾತ್ರಿ ಅಷ್ಟೇ ಕಾರ್ಬ್ ಇರುವ ಅನ್ನ. ಸಾರು ಅದೇ, ಪಲ್ಯ ಅದೇ, ಊಟದ ಹೊತ್ತೂ ಅದೇ. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ ನೋಡಿ. ಎರಡು ಗಂಟೆಯದು 180ರ ಒಳಗಿರಬೇಕು ಅನ್ನುವುದು ಶುಗರ್ ಇರುವವರಿಗೆ ಸಾಮಾನ್ಯ ಗುರಿ. ಬಾರ್ಡರ್‌ನಲ್ಲಿರುವ ನಿಮ್ಮದು ಇನ್ನೂ ಕೆಳಗಿರಬೇಕು, ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಂದೇ ದಿನದ ನಂಬರ್ ನಂಬಬೇಡಿ. ನಿದ್ದೆ ಕೆಟ್ಟಿದ್ದರೂ ಏರುತ್ತದೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ, ಮುದ್ದೆ ಎರಡನ್ನೂ ಇಳಿಸಲು ಹೋಗಬೇಡಿ. ಶುಗರ್ ತೀರಾ ಕೆಳಗೆ ಬಿದ್ದು ತಲೆ ಸುತ್ತುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, 2015ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 800 ಜನರ ಶುಗರ್ ಅಳೆದಾಗ ಒಂದೇ ಬ್ರೆಡ್ ಒಬ್ಬರಿಗೆ ತುಂಬಾ ಏರಿಸಿತು, ಇನ್ನೊಬ್ಬರಿಗೆ ಅಷ್ಟಾಗಿ ಏರಿಸಲಿಲ್ಲ. ನಿಮ್ಮ ಭಾವನಿಗೆ ಚಪಾತಿ ಒಗ್ಗಿತು ಅಂತ ನಿಮಗೂ ಒಗ್ಗಬೇಕಿಲ್ಲ.

ಬದಲಾವಣೆ ಒಂದು ಸಲಕ್ಕೆ ಒಂದೇ ಇರಲಿ. ನಿಮಗಾದರೆ ಮೊದಲು ಮಾಲ್ಟ್ ನಿಲ್ಲಿಸಿ, ಅದಾದ ಮೇಲೆ ಮುದ್ದೆ ಅರ್ಧ ಮಾಡಿ, ಆ ಜಾಗಕ್ಕೆ ಕಾಳು ತನ್ನಿ. ಅವರೆಕಾಳು, ಹುರುಳಿ, ಮೊಳಕೆ ಹೆಸರುಕಾಳು ಯಾವುದಾದರೂ ಸರಿ. ತಿನ್ನುವವರಾದರೆ ಮೊಟ್ಟೆ, ಮೀನು. ಕೋಸಂಬರಿ, ಪಲ್ಯ ಮೊದಲು ತಿಂದು ಆಮೇಲೆ ಅನ್ನಕ್ಕೋ ಮುದ್ದೆಗೋ ಕೈ ಹಾಕಿದರೆ ಶುಗರ್ ಏರುವುದು ಕಡಿಮೆ. ಮದುವೆ ಊಟದಲ್ಲಿ ಅನ್ನ ಬರುವಷ್ಟರಲ್ಲಿ ಎಲೆ ತುದಿಯ ಕೋಸಂಬರಿ ಖಾಲಿ ಮಾಡಿರುತ್ತೀರಲ್ಲ, ಹಾಗೆ. ಇದನ್ನು ಋಷಿಮುನಿಗಳ ವಿಜ್ಞಾನ ಅಂತ ಫಾರ್ವರ್ಡ್ ಮಾಡಬೇಡಿ, ಸುಮ್ನೆ ತಿನ್ನಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆಯ ನಂಬರ್) ಏರಿದೆ ಅಂತ ರಿಪೋರ್ಟ್ ಬಂದಿದ್ದರೆ ಮಾತ್ರ ಕಾಳು, ಸೊಪ್ಪಿನ ಲೆಕ್ಕವೇ ಬೇರೆ. ಅಂಥವರು ರಿಪೋರ್ಟ್ ಹಿಡಿದುಕೊಂಡು ಬನ್ನಿ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಒಬ್ಬರಾದರೂ ಇರುತ್ತಾರೆ. “ಊಟ ಇಳಿಸಿದೆ, ತೂಕ ಇಳಿದಿಲ್ಲ, ನನ್ನ ಬಾಡಿನೇ ಹಂಗೆ” ಅನ್ನುವವರಲ್ಲಿ ಕೆಲವರನ್ನು ವಿಚಾರಿಸಿದರೆ, ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆಗೇ ನುಂಗುತ್ತಿರುತ್ತಾರೆ. ಕಾಫಿ ಆ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯ ನಂಬರ್) ಇಳಿಯುವುದಿಲ್ಲ, ಡೋಸ್ ಏರಿಸುತ್ತಾ ಹೋಗುತ್ತಾರೆ. ಎದ್ದ ತಕ್ಷಣ ಬರೀ ನೀರಿನಲ್ಲಿ ಮಾತ್ರೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಅದನ್ನು ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳಿ.